ವಾಸನೆಯ ಬೇಲಿ

ಅವರೆಕಾಳಿನ ಡಬ್ಬಿಯಲ್ಲಿ ನಾಲ್ಕು ಎಸಳು ಒಣಗಿದ ಬೇವು, ರೇಷ್ಮೆ ಸೀರೆಯ ಪೆಟ್ಟಿಗೆಯಲ್ಲಿ ಲಾವಂಚದ ಬೇರು, ಓಲೆಗರಿಯ ಕಟ್ಟಿನ ಪಕ್ಕದಲ್ಲಿ ಬಜೆಯ ತುಂಡು, ಮುಸ್ಸಂಜೆಯ ಹೊತ್ತಿಗೆ ಕೊಟ್ಟಿಗೆಯ ಮೂಲೆಯಲ್ಲಿ ಲಕ್ಕಿಸೊಪ್ಪಿನ ಹೊಗೆ. ಕನ್ನಡ ನಾಡಿನ ಹಳೆಯ ಮನೆಗಳಲ್ಲಿ ಹುಳುಹುಪ್ಪಟೆಗಳನ್ನು ದೂರವಿಡಲು ಇದ್ದ ಏರ್ಪಾಡು ಹೆಚ್ಚುಕಡಿಮೆ ಇಷ್ಟೆ. ಅಂಗಡಿಯಿಂದ ತರುವಂಥದು ಬಹಳ ಇರಲಿಲ್ಲ. ಹಿತ್ತಿಲಲ್ಲಿ, ಬೇಲಿಯಲ್ಲಿ, ಕೆರೆಯ ಅಂಚಿನಲ್ಲಿ ಬೆಳೆಯುತ್ತಿದ್ದ ಗಿಡಗಳೇ ಸಾಕಾಗುತ್ತಿದ್ದವು.

ಈ ಸೊಪ್ಪು ಬೇರುಗಳಿಗೆ ನಿಜವಾಗಿ ಅಂಥ ಶಕ್ತಿ ಇದೆಯೆ? ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರ ಸಿಗುತ್ತದೆ. ಹಿರಿಯರು ಮಾಡಿದ್ದೆಲ್ಲ ವಿಜ್ಞಾನವೇ ಎನ್ನುವವರು ಒಂದು ಕಡೆ. ಅದೆಲ್ಲ ಬರಿಯ ನಂಬಿಕೆ, ಔಷಧಿ ಹೊಡೆದರೆ ಮಾತ್ರ ಹುಳ ಸಾಯುತ್ತದೆ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಒಂದು ಸಂಗತಿಯನ್ನು ಮರೆಯುತ್ತಾರೆ. ಹಳೆಯ ಮನೆವಾರ್ತೆಯಲ್ಲಿ ಒಂದೊಂದು ಸೊಪ್ಪಿಗೂ ಒಂದೊಂದು ಕೆಲಸ, ಒಂದೊಂದು ಜಾಗ ಇತ್ತು. ಡಬ್ಬಿಯೊಳಗೆ ನಡೆಯುವುದು ಬಯಲಿನಲ್ಲಿ ನಡೆಯುವುದಿಲ್ಲ. ಓಲೆಗರಿಗೆ ಒಳ್ಳೆಯದಾದದ್ದು ಕೂಸಿಗೆ ಒಳ್ಳೆಯದಾಗಬೇಕೆಂದಿಲ್ಲ. ವಾಸನೆ ಎಂಬುದು ಒಂದು ಬೇಲಿ. ಬೇಲಿಯಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬ ಲೆಕ್ಕ ಗೊತ್ತಿದ್ದರೆ ಮಾತ್ರ ಅದರಿಂದ ಪ್ರಯೋಜನ.

ಗಿಡಕ್ಕೆ ವಾಸನೆ ಏಕೆ?

ಗಿಡಗಳಿಗೆ ಕಾಲಿಲ್ಲ. ತಿನ್ನಲು ಬಂದವರನ್ನು ಕಂಡು ಓಡುವಂತಿಲ್ಲ. ಕೋಟ್ಯಂತರ ವರ್ಷಗಳಿಂದ ಕೀಟಗಳ ನಡುವೆಯೇ ಬದುಕಿದ ಅವು ಎಲೆ, ತೊಗಟೆ, ಬೇರು, ಬೀಜಗಳಲ್ಲಿ ಬಗೆಬಗೆಯ ರಾಸಾಯನಿಕಗಳನ್ನು ಕೂಡಿಟ್ಟುಕೊಂಡಿವೆ. ಕೆಲವು ಕಹಿ, ಕೆಲವು ಘಾಟು, ಕೆಲವು ವಿಷ. ತುಳಸಿ, ಲಕ್ಕಿ, ಮಜ್ಜಿಗೆಹುಲ್ಲು, ನೀಲಗಿರಿ ಇವುಗಳ ಎಲೆಯನ್ನು ಹಿಸುಕಿದಾಗ ಮೂಗಿಗೆ ಬಡಿಯುವ ಪರಿಮಳ ಮನುಷ್ಯನ ಸಂತೋಷಕ್ಕಾಗಿ ಹುಟ್ಟಿದ್ದಲ್ಲ. ಎಲೆಯಲ್ಲಿರುವ ಸಣ್ಣ ಸಣ್ಣ ಗ್ರಂಥಿಗಳು ಒಡೆದು ಹೊರಬೀಳುವ ಆವಿಯಾಗುವ ಎಣ್ಣೆ ಅದು.

ಇತ್ತ ಕೀಟಗಳ ಬದುಕಿನಲ್ಲಿಯೂ ವಾಸನೆಯದೇ ದೊಡ್ಡ ಪಾತ್ರ. ತನ್ನ ಆಹಾರದ ಗಿಡ ಎಲ್ಲಿದೆ, ಮೊಟ್ಟೆ ಎಲ್ಲಿ ಇಡಬೇಕು, ಜೋಡಿ ಎಲ್ಲಿದೆ ಎಂಬುದನ್ನೆಲ್ಲ ಕೀಟ ಬಹುಮಟ್ಟಿಗೆ ತನ್ನ ಕುಡಿಮೀಸೆಗಳಿಂದ ಮೂಸಿಯೇ ತಿಳಿಯುತ್ತದೆ. ಬೇಡದ ವಾಸನೆ ಬಂದರೆ ಅದು ಹತ್ತಿರ ಸುಳಿಯುವುದಿಲ್ಲ. ಬೇಕಾದ ವಾಸನೆಯನ್ನು ಬೇರೊಂದು ಘಾಟು ಮುಚ್ಚಿಬಿಟ್ಟರೆ ದಾರಿ ತಪ್ಪುತ್ತದೆ. ಸೊಪ್ಪಿನ ವಾಸನೆಗೆ ಹುಳ ಬರುವುದಿಲ್ಲ ಎಂಬ ಮಾತಿನ ತಿರುಳು ಇಷ್ಟು. ಬಹುಪಾಲು ಪರಿಮಳಗಳು ಕೀಟವನ್ನು ದೂರವಿಡುತ್ತವೆಯೇ ಹೊರತು ಕೊಲ್ಲುವುದಿಲ್ಲ. ಅಲ್ಲದೆ ಆವಿಯಾಗುವುದೇ ಅವುಗಳ ಗುಣವಾದ್ದರಿಂದ, ಆವಿ ಮುಗಿದ ಕೂಡಲೇ ಬೇಲಿಯೂ ಮುಗಿಯುತ್ತದೆ. ಬೇವು, ಬಜೆ, ಲಾವಂಚಗಳನ್ನು ಹಿಂದಿನವರು ಮುಚ್ಚಿದ ಪೆಟ್ಟಿಗೆ, ಡಬ್ಬಿ, ಕಣಜಗಳಲ್ಲಿ ಇಟ್ಟದ್ದು, ಆಗಾಗ ಹೊಸದನ್ನು ಹಾಕುತ್ತಿದ್ದುದು ಈ ಕಾರಣಕ್ಕೆ.

ಕಣಜದ ಲೆಕ್ಕ

ಕಾಳುಕಡಿಯ ವಿಷಯ ನೋಡಿ. ಅವರೆ, ತೊಗರಿ, ಅಲಸಂದೆಗಳಿಗೆ ಬೀಳುವ ಹುಳ ಅನೇಕ ವೇಳೆ ಹೊಲದಲ್ಲಿಯೇ ಕಾಯಿಯ ಮೇಲೆ ಮೊಟ್ಟೆ ಇಟ್ಟಿರುತ್ತದೆ. ಮರಿ ಕಾಳಿನೊಳಗೆ ಕೊರೆದು ಕುಳಿತು, ಮನೆಗೆ ಬಂದು, ತಿಂಗಳೊಪ್ಪತ್ತಿನಲ್ಲಿ ತೂತು ಮಾಡಿಕೊಂಡು ಹೊರಬರುತ್ತದೆ. ಹೀಗೆ ಒಳಗೆ ಸೇರಿಕೊಂಡ ಮರಿಯನ್ನು ಡಬ್ಬಿಯ ಮೇಲಿಟ್ಟ ನಾಲ್ಕು ಬೇವಿನೆಲೆ ಏನೂ ಮಾಡಲಾರದು. ಕಾಳನ್ನು ಚೆನ್ನಾಗಿ ಬಿಸಿಲಿಗೆ ಹಾಕಿ, ಕಚ್ಚಿದರೆ ಕಟಕ್ಕೆನ್ನುವಂತೆ ಒಣಗಿಸಿ, ತಣಿಸಿ ತುಂಬಿದವರ ಮನೆಯಲ್ಲಿ ಬೇವು ಕೆಲಸ ಮಾಡುತ್ತದೆ. ಹಸಿ ಹಸಿಯಾಗಿ ತುಂಬಿದವರ ಮನೆಯಲ್ಲಿ ಬೇವಿನ ಜತೆಗೇ ಹುಳವೂ ಇರುತ್ತದೆ. ಬಿಸಿಲು ಮಾಡಿದ ಕೆಲಸದ ಕೀರ್ತಿ ಎಷ್ಟೋ ಬಾರಿ ಸೊಪ್ಪಿಗೆ ಸಂದಿದೆ.

ಹಾಗೆಂದು ಹಿಂದಿನವರು ಸೊಪ್ಪನ್ನೇ ನಂಬಿ ಕುಳಿತಿರಲಿಲ್ಲ. ಬೇಳೆಕಾಳಿಗೆ ಹರಳೆಣ್ಣೆ ಸವರುವ ಪದ್ಧತಿ ಇತ್ತು. ಇದು ವಾಸನೆಯ ಕೆಲಸವಲ್ಲ. ಎಣ್ಣೆಯ ತೆಳುಪದರ ಕಾಳಿನ ಮೇಲಿರುವ ಮೊಟ್ಟೆಗೆ ಗಾಳಿಯಾಡದಂತೆ ಮಾಡುತ್ತದೆ. ನುಣುಪಾದ ಕಾಳಿನ ಮೇಲೆ ಹೊಸ ಮೊಟ್ಟೆ ಅಂಟುವುದೂ ಕಷ್ಟ. ಕೆಮ್ಮಣ್ಣು ಕಟ್ಟಿ ಒಣಗಿಸಿಡುವುದು, ಬೂದಿ ಬೆರೆಸುವುದು ಇನ್ನೊಂದು ಬಗೆ. ಸೂಕ್ಷ್ಮವಾದ ಪುಡಿ ಕಾಳಿನ ಸಂದುಗಳನ್ನೆಲ್ಲ ತುಂಬಿ ಹುಳದ ಓಡಾಟಕ್ಕೆ ತಡೆಯಾಗುತ್ತದೆ, ಅದರ ಮೈಮೇಲಿನ ಮೇಣದಂಥ ಪದರವನ್ನು ಉಜ್ಜಿ ತೆಗೆಯುತ್ತದೆ. ಮೈಯ ನೀರು ಆರಿ ಹುಳ ಸಾಯುತ್ತದೆ.

ಉತ್ತರ ಕರ್ನಾಟಕದ ಜೋಳದ ಹಗೇವು ಇವೆಲ್ಲಕ್ಕಿಂತ ಜಾಣತನದ ಏರ್ಪಾಡು. ನೆಲದೊಳಗೆ ತೋಡಿದ ಈ ಗುಂಡಿಗಳಿಗೆ ಜೋಳ ತುಂಬಿ, ಬಾಯಿ ಮುಚ್ಚಿ ಮೆತ್ತಿದರೆ ಒಳಗಿನ ಕಾಳೂ ಕೀಟವೂ ಉಸಿರಾಡಿ ಆಮ್ಲಜನಕ ಕಡಿಮೆಯಾಗುತ್ತದೆ, ಇಂಗಾಲದ ಡೈ ಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳುಗಳು ತಾವಾಗಿಯೇ ನಾಶವಾಗುತ್ತವೆ. ಹಗೇವು ತೆಗೆದ ತಕ್ಷಣ ಅವಸರದಲ್ಲಿ ಇಳಿದವರು ಉಸಿರುಕಟ್ಟಿ ಪ್ರಾಣ ಕಳೆದುಕೊಂಡದ್ದೂ ಇದೇ ಕಾರಣದಿಂದ. ತೆರೆದು ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು ನೋಡಿದ ಮೇಲೆಯೇ ಇಳಿಯಬೇಕೆಂಬ ಕಟ್ಟಳೆ ಹುಟ್ಟಿದ್ದು ಅನುಭವದಿಂದ.

ಓಲೆಗರಿ ಉಳಿಸಿದ ಘಾಟು

ವಾಸನೆಯ ಬೇಲಿ ನಿಜವಾಗಿ ಗೆದ್ದ ಜಾಗ ಗ್ರಂಥಭಂಡಾರ. ನಮ್ಮ ಹವೆಯಲ್ಲಿ ಓಲೆಗರಿಯ ಆಯುಸ್ಸು ಬಹಳವಲ್ಲ. ಗೆದ್ದಲು, ಪುಸ್ತಕದ ಹುಳ, ಬೂಷ್ಟು ಎಲ್ಲಕ್ಕೂ ಅದು ಆಹಾರ. ಹಳೆಯ ಗ್ರಂಥವನ್ನು ಹೊಸ ಗರಿಗೆ ನಕಲು ಮಾಡುವುದು ಒಂದು ದಾರಿ; ಇರುವುದನ್ನು ಕಾಪಾಡುವುದು ಇನ್ನೊಂದು. ತಂಜಾವೂರಿನ ಸರಸ್ವತಿ ಮಹಲ್ ಗ್ರಂಥಾಲಯದಲ್ಲಿ ಬಜೆ, ಕರಿಜೀರಿಗೆ, ಲವಂಗ, ಮೆಣಸು, ಚಕ್ಕೆ ಇವುಗಳನ್ನು ಪುಡಿ ಮಾಡಿ ಕರ್ಪೂರ ಸೇರಿಸಿ, ಸಣ್ಣ ಬಟ್ಟೆಯ ಗಂಟು ಕಟ್ಟಿ ಗ್ರಂಥಗಳ ನಡುವೆ ಇಡುವ ಪದ್ಧತಿ ಪ್ರಸಿದ್ಧವಾದುದು. ಮಜ್ಜಿಗೆಹುಲ್ಲಿನ ಜಾತಿಗೆ ಸೇರಿದ ಸಿಟ್ರೊನೆಲ್ಲ ಹುಲ್ಲಿನ ಎಣ್ಣೆಯನ್ನು ಓಲೆಗಳಿಗೆ ಸವರುವುದು ಹಸ್ತಪ್ರತಿ ಭಂಡಾರಗಳಲ್ಲಿ ರೂಢಿಯಾಗಿದೆ. ಅದರ ಘಾಟಿಗೆ ಹುಳ ದೂರವಿರುತ್ತದೆ. ಎಣ್ಣೆಯ ಪಸೆಗೆ ಗರಿ ಮುರಿಯದೆ ಬಳುಕುತ್ತದೆ. ಒಂದೇ ಎಣ್ಣೆಯಿಂದ ಎರಡು ಕೆಲಸ.

1891ರಲ್ಲಿ ಸ್ಥಾಪನೆಯಾದ ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ 1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಓಲೆಗರಿಯ ಕಟ್ಟೊಂದನ್ನು ತಂದುಕೊಟ್ಟರು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ಓದಿದಾಗ, ಕಳೆದುಹೋಯಿತೆಂದು ಎಲ್ಲರೂ ತಿಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಎದುರಿಗಿತ್ತು. 1909ರಲ್ಲಿ ಮೂಲ ಅಚ್ಚಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದ ಬಂದಿತು. ಪ್ರಾಚೀನ ಭಾರತದ ರಾಜ್ಯವ್ಯವಸ್ಥೆಯ ಬಗ್ಗೆ ಜಗತ್ತಿನ ತಿಳಿವಳಿಕೆಯೇ ಬದಲಾಯಿತು. ಅಂಥ ಒಂದೊಂದು ಕಟ್ಟೂ ಉಳಿದು ಬರಬೇಕಾದರೆ ಅದರ ಹಿಂದೆ ಹೆಸರಿಲ್ಲದ ಎಷ್ಟೋ ಕೈಗಳು ಧೂಳು ಒರೆಸಿ, ಎಣ್ಣೆ ಸವರಿ, ಬಟ್ಟೆ ಸುತ್ತಿ ಕಾಪಾಡಿರಬೇಕು. ಹುಳುವಿನ ಬಾಯಿಗೆ ಬಿದ್ದ ಗ್ರಂಥಗಳ ಲೆಕ್ಕ ಇಟ್ಟವರಾರು?

ಬಜೆಯ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಅದರದು ಬರಿಯ ವಾಸನೆಯ ಶಕ್ತಿಯಲ್ಲ. ಬಜೆಯ ಎಣ್ಣೆಯಲ್ಲಿರುವ ಅಸರೋನ್ ಎಂಬ ವಸ್ತು ಹೆಣ್ಣು ಕೀಟಗಳ ಅಂಡಾಶಯ ಬೆಳೆಯದಂತೆ ತಡೆಯುತ್ತದೆಂದು ಜಮ್ಮುವಿನ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು 1977ರಲ್ಲಿ ಪ್ರಕಟಿಸಿದರು. ಬಂದ ಹುಳ ಸಾಯದಿದ್ದರೂ ಅದರ ಸಂತಾನ ಬೆಳೆಯುವುದಿಲ್ಲ. ಪೆಟ್ಟಿಗೆಯಂಥ ಮುಚ್ಚಿದ ಜಾಗಕ್ಕೆ ಬಜೆಯನ್ನೇ ಆರಿಸಿಕೊಂಡವರ ಅನುಭವ ಸುಳ್ಳಲ್ಲ.

ಗ್ರಂಥಗಳಲ್ಲಿ ಗಿಡದ ವೈದ್ಯ

ಓಲೆಗರಿಗಳನ್ನು ಕಾಪಾಡಿದ ಈ ವಸ್ತುಗಳ ಮಾತು ಓಲೆಗರಿಗಳ ಒಳಗೂ ಇದೆ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೇ ಮೀಸಲು. ರೋಗ ತಗಲಿದ ಮರದ ಭಾಗವನ್ನು ಮೊದಲು ಕತ್ತಿಯಿಂದ ಕೆತ್ತಿ ತೆಗೆದು, ಅನಂತರ ವಾಯುವಿಳಂಗ ಮತ್ತು ತುಪ್ಪವನ್ನು ಕೆಸರಿನೊಂದಿಗೆ ಬಳಿಯಬೇಕೆಂದು ಅಲ್ಲಿ ಹೇಳಿದೆ. ಸುಮಾರು ಕ್ರಿ.ಶ. 1000ದ ಸುರಪಾಲನ ವೃಕ್ಷಾಯುರ್ವೇದದಲ್ಲಿ ಮರದ ಹುಳುಗಳಿಗೆ ಹಾಕುವ ಧೂಪದ ವಿವರವಿದೆ. ಬಿಳಿ ಸಾಸಿವೆ, ಇಂಗು, ವಾಯುವಿಳಂಗ, ಬಜೆ, ಮೆಣಸು ಆ ಧೂಪದಲ್ಲಿ ಸೇರಿವೆ.

ಕನ್ನಡಕ್ಕೂ ಇದರಲ್ಲಿ ಪಾಲುಂಟು. ಕಲ್ಯಾಣದ ಚಾಲುಕ್ಯ ಅರಸು ಇಮ್ಮಡಿ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯನು ಬರೆದ ಲೋಕೋಪಕಾರ ಎಂಬ ಗ್ರಂಥದಲ್ಲಿ ಜಲಶೋಧನೆ, ಗಿಡಮರಗಳ ಆರೈಕೆ, ಸುಗಂಧ ದ್ರವ್ಯಗಳ ತಯಾರಿಕೆ, ವಿಷವೈದ್ಯ ಎಲ್ಲವೂ ಬರುತ್ತವೆ. ಇವನು ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯನಲ್ಲ, ಬೇರೆಯವನು. ಪಂಡಿತರ ಸಂಸ್ಕೃತದಲ್ಲಿದ್ದ ವಿದ್ಯೆಯನ್ನು ಜನರ ಉಪಯೋಗಕ್ಕೆಂದು ಕನ್ನಡದಲ್ಲಿ ಇಳಿಸಿದ ಈ ಬಗೆಯ ಪುಸ್ತಕ ಸಾವಿರ ವರ್ಷಗಳ ಹಿಂದೆಯೇ ಬಂದಿತೆಂಬುದು ಸಣ್ಣ ಸಂಗತಿಯಲ್ಲ. ಪರಿಮಳದ ವಿದ್ಯೆ, ವಿಷದ ವಿದ್ಯೆ, ತೋಟದ ವಿದ್ಯೆ ಮೂರೂ ಒಂದೇ ಪುಸ್ತಕದಲ್ಲಿ ಕೂಡಿರುವುದೂ ಅರ್ಥಪೂರ್ಣವಾಗಿದೆ. ಗಿಡದ ಮಟ್ಟಿಗೆ ಅವು ಮೂರೂ ಒಂದೇ.

ಮಿಡತೆ ಮುಟ್ಟದ ಮರ

ಇವುಗಳ ನಡುವೆ ಬೇವಿನದು ವಿಚಿತ್ರ ಕಥೆ. 1959ರಲ್ಲಿ ಸುಡಾನಿನಲ್ಲಿ ಮಿಡತೆಯ ದಂಡು ಬಂದು ಹಸುರೆಲ್ಲವನ್ನೂ ತಿಂದುಹಾಕಿದಾಗ ಬೇವಿನ ಮರಗಳು ಮಾತ್ರ ಹಸುರಾಗಿ ನಿಂತದ್ದನ್ನು ಜರ್ಮನಿಯ ಕೀಟವಿಜ್ಞಾನಿ ಹೈನ್ರಿಷ್ ಶ್ಮುಟರರ್ ಕಂಡರು. 1962ರಲ್ಲಿ ದೆಹಲಿಗೆ ಮಿಡತೆ ಬಂದಾಗ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಎಸ್. ಪ್ರಧಾನ್ ಮತ್ತು ಸಂಗಡಿಗರು ಬೇವಿನ ಬೀಜ ಅರೆದ ನೀರನ್ನು ಬೆಳೆಗೆ ಸಿಂಪಡಿಸಿ ನೋಡಿದರು. ಮಿಡತೆಗಳು ಆ ಬೆಳೆಯ ಮೇಲೆ ಇಳಿದವು, ಆದರೆ ತಿನ್ನಲಿಲ್ಲ.

ಇಳಿದವು, ತಿನ್ನಲಿಲ್ಲ ಎಂಬ ಮಾತನ್ನು ಗಮನಿಸಬೇಕು. ವಾಸನೆ ಅವನ್ನು ಓಡಿಸಲಿಲ್ಲ, ರುಚಿ ತಡೆಯಿತು. ಬೇವಿನ ಬೀಜದಲ್ಲಿರುವ ಅಜಾಡಿರಾಕ್ಟಿನ್ ಎಂಬ ವಸ್ತುವನ್ನು ಇಂಗ್ಲೆಂಡಿನ ವಿಜ್ಞಾನಿಗಳು 1968ರಲ್ಲಿ ಬೇರ್ಪಡಿಸಿದರು. ಅದು ಕೀಟಕ್ಕೆ ತಿನ್ನುವ ಆಸೆಯನ್ನೇ ಕೆಡಿಸುತ್ತದೆ. ಅಲ್ಪಸ್ವಲ್ಪ ತಿಂದ ಮರಿಹುಳು ಪೊರೆ ಬಿಡಲಾಗದೆ ಸಾಯುತ್ತದೆ. ಅದರ ರಚನೆ ಎಷ್ಟು ಜಟಿಲವೆಂದರೆ, ಪ್ರಯೋಗಶಾಲೆಯಲ್ಲಿ ಅದನ್ನು ಪೂರ್ತಿಯಾಗಿ ಕಟ್ಟಲು ಕೇಂಬ್ರಿಜ್‌ನ ಸ್ಟೀವನ್ ಲೇ ಅವರ ತಂಡಕ್ಕೆ 22 ವರ್ಷ ಹಿಡಿಯಿತು. ಆ ಕೆಲಸ ಮುಗಿದದ್ದು 2007ರಲ್ಲಿ. ಆದರೆ ಬಿಸಿಲಿಗೆ ಅದು ಬೇಗ ಕೆಡುತ್ತದೆ. ನೂರು ಲೀಟರ್ ನೀರಿಗೆ ಐದು ಕಿಲೊ ಬೇವಿನ ಬೀಜದ ತಿರುಳಿನಂತೆ ತಯಾರಿಸುವ ಕಷಾಯವನ್ನು ಸಂಜೆಯ ಹೊತ್ತು ಸಿಂಪಡಿಸಿ ಎಂದು ಕೃಷಿ ಇಲಾಖೆಯವರು ಹೇಳುವುದು ಇದಕ್ಕೇ.

ಹಿತ್ತಿಲ ಗಿಡ ಮದ್ದಲ್ಲ ಎಂಬ ಗಾದೆ ಬೇವಿನ ಮಟ್ಟಿಗೆ ಬೇರೆಯದೇ ರೀತಿಯಲ್ಲಿ ನಿಜವಾಗುವುದರಲ್ಲಿತ್ತು. ಬೇವಿನೆಣ್ಣೆಯಿಂದ ಗಿಡಗಳ ಶಿಲೀಂಧ್ರ ರೋಗ ತಡೆಯುವ ವಿಧಾನಕ್ಕೆ ಐರೋಪ್ಯ ಪೇಟೆಂಟ್ ಕಚೇರಿ 1994ರಲ್ಲಿ ಅಮೆರಿಕದ ಕೃಷಿ ಇಲಾಖೆಗೂ ಡಬ್ಲ್ಯು. ಆರ್. ಗ್ರೇಸ್ ಕಂಪನಿಗೂ ಸೇರಿ ಪೇಟೆಂಟ್ ಕೊಟ್ಟಿತು. ವಂದನಾ ಶಿವ, ಐರೋಪ್ಯ ಸಂಸತ್ತಿನ ಮಾಗ್ಡಾ ಆಲ್ವೂಟ್ ಮತ್ತು ಸಾವಯವ ಕೃಷಿ ಚಳವಳಿಗಳ ಅಂತರರಾಷ್ಟ್ರೀಯ ಒಕ್ಕೂಟ ಅದನ್ನು ವಿರೋಧಿಸಿದರು. ಇದರಲ್ಲಿ ಹೊಸದೇನೂ ಇಲ್ಲ, ಭಾರತದಲ್ಲಿ ಇದು ಮೊದಲೇ ಗೊತ್ತಿದ್ದ ಸಂಗತಿ ಎಂಬುದು ಅವರ ವಾದ. 2000ದ ಮೇ ತಿಂಗಳಲ್ಲಿ ಪೇಟೆಂಟ್ ರದ್ದಾಯಿತು. ಮೇಲ್ಮನವಿಯೂ 2005ರ ಮಾರ್ಚ್‌ನಲ್ಲಿ ಬಿದ್ದುಹೋಯಿತು. ಎಲ್ಲರಿಗೂ ಗೊತ್ತಿದೆ ಎಂದು ಯಾರೂ ಬರೆದಿಡದ ತಿಳಿವಳಿಕೆ ಎಷ್ಟು ಸುಲಭವಾಗಿ ಬೇರೆಯವರ ಆಸ್ತಿಯಾಗಬಹುದೆಂಬುದಕ್ಕೆ ಈ ಹನ್ನೊಂದು ವರ್ಷಗಳ ವ್ಯಾಜ್ಯ ಸಾಕ್ಷಿ.

ಓಡಿಸುವ ಬದಲು ಕರೆಯುವುದು

ಹೊಲ ಬಯಲು ಜಾಗ. ಅಲ್ಲಿ ಪರಿಮಳವನ್ನು ಹಿಡಿದಿಡುವ ಮುಚ್ಚಳವಿಲ್ಲ. ಅಲ್ಲಿ ವಾಸನೆಯನ್ನು ಬೇರೆ ಬಗೆಯಲ್ಲಿ ಬಳಸಬೇಕಾಗುತ್ತದೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1990ರ ದಶಕದ ಮೊದಲಲ್ಲಿ ತೋರಿಸಿದ್ದು ಇದನ್ನೇ. ಟೊಮೆಟೊದ ಪ್ರತಿ 16 ಸಾಲಿಗೆ ಒಂದು ಸಾಲು ಚೆಂಡುಹೂವು ಹಾಕಿದರೆ ಕಾಯಿ ಕೊರೆಯುವ ಹುಳುವಿನ ಪತಂಗ ಟೊಮೆಟೊ ಬಿಟ್ಟು ಚೆಂಡುಹೂವಿನ ಮೊಗ್ಗಿಗೆ ಹೋಗಿ ಮೊಟ್ಟೆ ಇಡುತ್ತದೆ. ಇದಕ್ಕೆ 25 ದಿನದ ಟೊಮೆಟೊ ಸಸಿಯ ಜತೆ 40 ದಿನದ ಚೆಂಡುಹೂವಿನ ಸಸಿ ನೆಡಬೇಕು. ಎರಡೂ ಒಟ್ಟಿಗೆ ಹೂ ಬಿಡಬೇಕೆಂಬುದು ಅದರ ಗುಟ್ಟು. ಎಲೆಕೋಸಿನ ನಡುವೆ ಸಾಸಿವೆಯ ಸಾಲು ಹಾಕಿದರೆ ವಜ್ರಬೆನ್ನಿನ ಪತಂಗ ಸಾಸಿವೆಯ ಕಡೆಗೆ ತಿರುಗುತ್ತದೆ. ಔಷಧಿಯನ್ನು ಆ ಸಾಲಿಗಷ್ಟೇ ಹೊಡೆದರೆ ಸಾಕು.

ಚೆಂಡುಹೂವಿನ ವಾಸನೆಗೆ ಹುಳ ಓಡುತ್ತದೆ ಎಂಬ ಮಾತು ಎಲ್ಲೆಡೆ ಪ್ರಚಾರದಲ್ಲಿದೆ. ಈ ಹುಳುವಿನ ಮಟ್ಟಿಗೆ ನಡೆಯುವುದು ಅದಕ್ಕೆ ತದ್ವಿರುದ್ಧ. ಓಡಿಸುತ್ತದೆಂದು ನಂಬಿ ಚೆಂಡುಹೂ ನೆಟ್ಟು ಸುಮ್ಮನೆ ಕುಳಿತ ರೈತ, ಅಲ್ಲಿ ಕೂಡಿದ ಹುಳುವನ್ನು ತೆಗೆಯದೆ ಹೋದರೆ ಹೊಲದ ನಡುವೆ ತಾನೇ ಹುಳುವಿನ ತೊಟ್ಟಿಲು ಕಟ್ಟಿದಂತಾಗುತ್ತದೆ. ಗಿಡ ಒಂದೇ, ತಿಳಿವಳಿಕೆ ಬೇರೆಯಾದರೆ ಫಲವೂ ಬೇರೆ.

ಸೊಳ್ಳೆಯ ಮುಂದೆ

ಸೊಳ್ಳೆಯ ವಿಷಯಕ್ಕೆ ಬಂದರೆ ಬೇಲಿ ಇನ್ನೂ ತೆಳುವಾಗುತ್ತದೆ. ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ 2002ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, 1946ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ಸಿದ್ಧವಾದ ಡೀಟ್ ಎಂಬ ರಾಸಾಯನಿಕ ಶೇಕಡಾ 23.8ರಷ್ಟಿದ್ದ ಲೇಪ ಸರಾಸರಿ ಐದು ಗಂಟೆ ಸೊಳ್ಳೆಯನ್ನು ತಡೆದರೆ, ಸಿಟ್ರೊನೆಲ್ಲ ಲೇಪಗಳು ಇಪ್ಪತ್ತು ನಿಮಿಷವೂ ತಡೆಯಲಿಲ್ಲ. ಪೆಟ್ಟಿಗೆಯೊಳಗೆ ಓಲೆಗರಿಯನ್ನು ವರ್ಷಗಟ್ಟಲೆ ಕಾಯುವ ಬಳಗದ ಎಣ್ಣೆಯೇ ಮೈಮೇಲಿನ ಬೆವರು ಗಾಳಿಗಳ ಮುಂದೆ ಅರ್ಧ ಗಂಟೆ ನಿಲ್ಲದು. ನಿಂಬೆ ವಾಸನೆಯ ನೀಲಗಿರಿಯಿಂದ ತಯಾರಾಗುವ ಲೇಪ ಇದಕ್ಕೆ ಅಪವಾದ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2005ರಿಂದ ಅದನ್ನು ಶಿಫಾರಸು ಮಾಡುತ್ತಿದೆ. ಬಾಗಿಲ ಮುಂದಿನ ಕುಂಡದಲ್ಲಿ ಸುಮ್ಮನೆ ನಿಂತ ತುಳಸಿಯಾಗಲಿ ಮಜ್ಜಿಗೆಹುಲ್ಲಾಗಲಿ ಮನೆಯನ್ನು ಕಾಯುವುದಿಲ್ಲ. ಎಲೆ ಹರಿಯದೆ ಎಣ್ಣೆ ಅಷ್ಟಾಗಿ ಹೊರಬರುವುದೇ ಇಲ್ಲ. ಡೆಂಗೆ ತರುವ ಸೊಳ್ಳೆಯಂತೂ ಹಗಲಲ್ಲಿ ಕಚ್ಚುತ್ತದೆ. ಸಂಜೆಯ ಧೂಪ ಅದಕ್ಕೆ ತಡೆಯಲ್ಲ. ಅದು ಮೊಟ್ಟೆ ಇಡುವ ತೊಟ್ಟಿ, ಟೈರು, ಕುಂಡದ ತಟ್ಟೆಗಳ ನೀರನ್ನು ಚೆಲ್ಲುವುದೇ ಮೊದಲ ಮದ್ದು.

ಹೊಗೆಯ ಬಗ್ಗೆಯೂ ಎಚ್ಚರ ಬೇಕು. ಸೊಳ್ಳೆಬತ್ತಿ ಹುಟ್ಟಿದ್ದು ಜಪಾನಿನಲ್ಲಿ, ಸೇವಂತಿಗೆಯ ಹತ್ತಿರದ ಸಂಬಂಧಿಯಾದ ಪೈರೆತ್ರಮ್ ಹೂವಿನ ಪುಡಿಯಿಂದ. ಅದನ್ನು ಸುರುಳಿಯಾಗಿ ಮಾಡಿದರೆ ಹೆಚ್ಚು ಹೊತ್ತು ಉರಿಯುತ್ತದೆಂದು 1895ರಲ್ಲಿ ಸೂಚಿಸಿದವರು ಅದರ ತಯಾರಕ ಉಎಯಾಮಾ ಅವರ ಪತ್ನಿ ಯೂಕಿ. ಮೂಲ ಹೂವೇ ಆದರೂ ಹೊಗೆ ಹೊಗೆಯೇ. ಒಂದು ಸೊಳ್ಳೆಬತ್ತಿ ಉರಿದು ಮುಗಿಯುವಷ್ಟರಲ್ಲಿ 75ರಿಂದ 137 ಸಿಗರೇಟುಗಳಿಗೆ ಸಮನಾದ ಸೂಕ್ಷ್ಮ ಕಣಗಳನ್ನು ಬಿಡುತ್ತದೆಂದು 2003ರ ಒಂದು ಅಧ್ಯಯನ ಹೇಳಿದೆ. ಗಾಳಿಯಾಡುವ ಕೊಟ್ಟಿಗೆಯ ಲಕ್ಕಿ ಹೊಗೆಯನ್ನು ಕಿಟಕಿ ಮುಚ್ಚಿದ ಮಲಗುವ ಕೋಣೆಗೆ ತರುವುದು ಜಾಣತನವಲ್ಲ.

ಸೊಪ್ಪುಸದೆಯಿಂದ ಅಪಾಯವಿಲ್ಲ ಎಂಬ ನಂಬಿಕೆ ಎಲ್ಲಕ್ಕಿಂತ ದೊಡ್ಡ ತಪ್ಪು. ಹುಳುವನ್ನು ತಡೆಯುವ ಗುಣವೇ ಒಂದು ಬಗೆಯ ವಿಷಗುಣ. ಕೂಸಿಗೆ ಮಾತು ಚೆನ್ನಾಗಿ ಬರಲೆಂದು ಬಜೆ ತೇಯ್ದು ನೆಕ್ಕಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಕೀಟದ ಅಂಡಾಶಯವನ್ನು ಕುಗ್ಗಿಸುವ ಅದೇ ಅಸರೋನ್ ಇಲಿಗಳಲ್ಲಿ ಗಂತಿ ಬರಿಸುವುದೆಂದು ಕಂಡುಬಂದದ್ದರಿಂದ ಅಮೆರಿಕದ ಸರಕಾರ 1968ರಲ್ಲಿಯೇ ಬಜೆಯನ್ನು ಆಹಾರಕ್ಕೆ ಬಳಸುವುದನ್ನು ನಿಷೇಧಿಸಿತು. ಬೇವಿನೆಣ್ಣೆ ಕುಡಿಸಿದ ಹಸುಗೂಸುಗಳು ಪ್ರಾಣಾಪಾಯಕ್ಕೆ ಒಳಗಾದದ್ದು ವೈದ್ಯರ ದಾಖಲೆಗಳಲ್ಲಿದೆ. ಕರ್ಪೂರ ಹೊಟ್ಟೆಗೆ ಹೋದರೆ ಮಕ್ಕಳಿಗೆ ಸೆಳವು ಬರುತ್ತದೆ. ಪೆಟ್ಟಿಗೆಗೆ ಸೇರಿದ್ದು ಪೆಟ್ಟಿಗೆಯಲ್ಲಿಯೇ ಇರಬೇಕು.

ಬೇಲಿ ಹಾಕಿದ ರೈತ ಬೇಲಿಯನ್ನು ನಂಬಿ ನಿದ್ದೆ ಮಾಡುವುದಿಲ್ಲ. ಎಲ್ಲಿ ಕಿಂಡಿ ಬಿದ್ದಿದೆ, ಯಾವ ಮುಳ್ಳು ಒಣಗಿದೆ, ಯಾವ ದನಕ್ಕೆ ಅದು ತಡೆ, ಯಾವುದಕ್ಕೆ ಅಲ್ಲ ಎಂದು ದಿನವೂ ನೋಡುತ್ತಾನೆ. ಬೇವು ಬಜೆಗಳ ಬಳಕೆಯಲ್ಲಿ ಇಂಥ ನೋಟವೇ ಮುಖ್ಯವಾಗಿತ್ತು: ಕಾಳು ಒಣಗಿದೆಯೇ, ಮುಚ್ಚಳ ಬಿಗಿಯಾಗಿದೆಯೇ, ಗಂಟಿನ ಘಾಟು ಇನ್ನೂ ಇದೆಯೇ. ಇಂದು ಅಂಗಡಿಯಲ್ಲಿ ಗಿಡಮೂಲಿಕೆಯ ಹೆಸರು ಹೊತ್ತ ಶೀಸೆಗಳು ಬೇಕಾದಷ್ಟು ಸಿಗುತ್ತವೆ. ಆ ನೋಟ ಶೀಸೆಯಲ್ಲಿ ಸಿಗುವುದಿಲ್ಲ. ಕಾಳು ಹಸನು ಮಾಡುತ್ತ ಕುಳಿತ ಹಿರಿಯರನ್ನು ಕೇಳಿ ಕಲಿಯಬೇಕು, ಕಲಿತದ್ದನ್ನು ಪರೀಕ್ಷಿಸಿ ಬರೆದಿಡಬೇಕು.